ಇಂಗಾಲದ ಎಳೆಯಿಂದ ಮಳೆಯ ಮೋಡದವರೆಗೆ

1902ರ ಜೂನ್ ತಿಂಗಳಿನಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯತೊಡಗಿತು. ಸುಮಾರು 147 ಕಿಲೋಮೀಟರ್ ಉದ್ದದ ಆ ತಂತಿಮಾರ್ಗ ಅಂದಿನ ಕಾಲಕ್ಕೆ ದೊಡ್ಡ ಸಾಹಸವೇ ಆಗಿತ್ತು. ಮೈಸೂರು ಸರ್ಕಾರ ಅದಕ್ಕೆ ಬೇಕಾದ ವಿದ್ಯುತ್ ಯಂತ್ರಗಳನ್ನು ತರಿಸಿಕೊಂಡದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ. ಮೂರು ವರ್ಷಗಳ ನಂತರ, 1905ರ ಆಗಸ್ಟ್ 5ರಂದು, ಅದೇ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಈ ಇತಿಹಾಸ ನಮ್ಮಲ್ಲಿ ಅನೇಕರಿಗೆ ಗೊತ್ತು. ಆದರೆ ಆ ಕಂಪನಿಯ ನೆಲೆಯಾದ ಸ್ಕೆನೆಕ್ಟಡಿ ಎಂಬ ಊರಿನ ಪ್ರಯೋಗಾಲಯದಲ್ಲಿ ಮುಂದಿನ ದಶಕದಲ್ಲಿ ನಡೆದ ಸಂಗತಿಗಳು ನಮ್ಮ ಮನೆಯ ದೀಪವನ್ನೂ ಇದ್ದಿಲಿನ ಕುಲುಮೆಯ ತಿಳಿವಳಿಕೆಯನ್ನೂ ಕೊನೆಗೆ ನಮ್ಮ ಬರಗಾಲದ ಕಡತಗಳನ್ನೂ ಹೇಗೆ ತಟ್ಟಿದವು ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಆ ಕಥೆಯ ನಾಯಕ ಇರ್ವಿಂಗ್ ಲ್ಯಾಂಗ್‌ಮ್ಯೂರ್.

ಲ್ಯಾಂಗ್‌ಮ್ಯೂರ್ ಹುಟ್ಟಿದ್ದು 1881ರ ಜನವರಿ 31ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ತಂದೆ ಚಾರ್ಲ್ಸ್ ವಿಮಾ ವ್ಯವಹಾರದಲ್ಲಿದ್ದರು. ಅವರ ಉದ್ಯೋಗದ ನಿಮಿತ್ತ ಕುಟುಂಬ ಮೂರು ವರ್ಷ ಪ್ಯಾರಿಸ್‌ನಲ್ಲಿತ್ತು. ಬಾಲಕನಿಗೆ ದೃಷ್ಟಿದೋಷವಿರುವುದು ಮನೆಯವರಿಗೆ ತಿಳಿದದ್ದೇ ಅವನಿಗೆ ಹನ್ನೊಂದು ವರ್ಷವಾದಾಗ. ಕನ್ನಡಕ ಬಂದ ದಿನದಿಂದ ಅವನ ಪಾಲಿಗೆ ಜಗತ್ತಿನ ಸಣ್ಣಪುಟ್ಟ ವಿವರಗಳೆಲ್ಲ ಹೊಸದಾಗಿ ತೆರೆದುಕೊಂಡವು. ರಸಾಯನಶಾಸ್ತ್ರಜ್ಞನಾಗಿದ್ದ ಅಣ್ಣ ಆರ್ಥರ್‌ನ ಪ್ರೋತ್ಸಾಹವೂ ದೊರೆಯಿತು. 1903ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಗಣಿಶಾಲೆಯಿಂದ ಲೋಹಶಾಸ್ತ್ರದ ಎಂಜಿನಿಯರ್ ಪದವಿ ಪಡೆದು ಲ್ಯಾಂಗ್‌ಮ್ಯೂರ್ ಜರ್ಮನಿಯ ಗಟಿಂಗೆನ್‌ಗೆ ತೆರಳಿದರು. ಅಲ್ಲಿ ವಾಲ್ಟರ್ ನರ್ನ್‌ಸ್ಟ್ ಅವರ ಮಾರ್ಗದರ್ಶನದಲ್ಲಿ, ಕಾದು ಹೊಳೆಯುವ ತಂತಿಯ ಸುತ್ತ ಅನಿಲಗಳು ಹೇಗೆ ವರ್ತಿಸುತ್ತವೆ ಎಂಬುದನ್ನು ಅಧ್ಯಯನ ಮಾಡಿ 1906ರಲ್ಲಿ ಡಾಕ್ಟರೇಟ್ ಗಳಿಸಿದರು. ಕಾದ ತಂತಿ ಮತ್ತು ಅದನ್ನು ಮುಟ್ಟುವ ಅನಿಲ: ಈ ಜೋಡಿಯೇ ಮುಂದೆ ಅವರ ಬದುಕಿನ ಬಹುಭಾಗವನ್ನು ಆವರಿಸಿತು.

ಸ್ವದೇಶಕ್ಕೆ ಮರಳಿದ ಮೇಲೆ ಅವರು ನ್ಯೂಜೆರ್ಸಿಯ ಹೊಬೊಕನ್‌ನಲ್ಲಿರುವ ಸ್ಟೀವನ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಪಾಠ ಹೇಳಿದರು. ತರಗತಿಗಳ ಹೊರೆಯ ನಡುವೆ ಸಂಶೋಧನೆಗೆ ಬಿಡುವು ಸಿಗುತ್ತಿರಲಿಲ್ಲ. 1909ರ ಬೇಸಿಗೆ ರಜೆಯನ್ನು ಕಳೆಯಲೆಂದು ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯಕ್ಕೆ ಬಂದ ಈ ಇಪ್ಪತ್ತೆಂಟರ ಅಧ್ಯಾಪಕರು ಮತ್ತೆ ಕಾಲೇಜಿಗೆ ಹಿಂದಿರುಗಲಿಲ್ಲ. 1950ರಲ್ಲಿ ನಿವೃತ್ತರಾಗುವವರೆಗೆ, ಅಂದರೆ ನಾಲ್ಕು ದಶಕಗಳಿಗೂ ಮೀರಿ, ಆ ಪ್ರಯೋಗಾಲಯವೇ ಅವರ ಕರ್ಮಭೂಮಿಯಾಯಿತು.

ಅಂದಿನ ವಿದ್ಯುದ್ದೀಪದ ಸ್ಥಿತಿಯನ್ನು ಇಲ್ಲಿ ನೆನೆಯಬೇಕು. ಎಡಿಸನ್ನರ ಕಾಲದಿಂದ ಬಂದ ಬಲ್ಬಿನೊಳಗಿದ್ದುದು ಇಂಗಾಲದ ತಂತು. ಒಂದು ಮೇಣದ ಬತ್ತಿಯಷ್ಟು ಬೆಳಕು ಕೊಡಲು ಅದು ಮೂರು ವ್ಯಾಟ್‌ಗೂ ಹೆಚ್ಚು ವಿದ್ಯುತ್ತನ್ನು ನುಂಗುತ್ತಿತ್ತು. ಅದರ ಬದಲಿಗೆ ಟಂಗ್‌ಸ್ಟನ್ ಲೋಹದ ತಂತು ಬಂದಿತ್ತಾದರೂ ಅದು ಬೇಗ ಒಡೆಯುತ್ತಿತ್ತು. ಬಲ್ಬಿನ ಒಳಮೈ ದಿನಕಳೆದಂತೆ ಕಪ್ಪಾಗುತ್ತಿತ್ತು. ಒಳಗಿನ ನಿರ್ವಾತ ಸಾಲದಿರುವುದೇ ಇದಕ್ಕೆ ಕಾರಣ, ಇನ್ನಷ್ಟು ಗಾಳಿಯನ್ನು ಹೊರತೆಗೆದರೆ ಎಲ್ಲವೂ ಸರಿಹೋಗುತ್ತದೆ ಎಂಬುದು ಎಂಜಿನಿಯರುಗಳ ಒಮ್ಮತದ ನಂಬಿಕೆಯಾಗಿತ್ತು.

ಲ್ಯಾಂಗ್‌ಮ್ಯೂರ್ ಹಿಡಿದ ದಾರಿ ಇದಕ್ಕೆ ವಿರುದ್ಧವಾದದ್ದು. ಇನ್ನೂ ಉತ್ತಮ ನಿರ್ವಾತವನ್ನು ಸಾಧಿಸುವುದು ಕಷ್ಟವೆಂದಾದರೆ, ಬೇರೆ ಬೇರೆ ಅನಿಲಗಳನ್ನು ಬೇಕೆಂದೇ ಬಲ್ಬಿನೊಳಗೆ ಸ್ವಲ್ಪ ಸ್ವಲ್ಪವಾಗಿ ಬಿಟ್ಟು, ಪ್ರತಿಯೊಂದೂ ಏನು ಮಾಡುತ್ತದೆ ಎಂದು ನೋಡಬಹುದಲ್ಲವೇ ಎಂಬುದು ಅವರ ಯೋಚನೆ. ತೊಂದರೆ ಕೊಡುವ ಅಂಶವನ್ನು ತೆಗೆಯಲಾಗದಿದ್ದರೆ ಅದನ್ನು ಹೆಚ್ಚಿಸಿ ಪರಿಣಾಮವನ್ನು ಅಳೆಯುವ ಈ ಉಪಾಯ ಸರಳವಾಗಿ ಕಾಣುತ್ತದೆ. ಆದರೆ ಲಾಭ ನಷ್ಟದ ಲೆಕ್ಕ ನೋಡುವ ಕಂಪನಿಯೊಂದು ಇದಕ್ಕೆ ಹಣ ಕೊಡಬೇಕಿತ್ತು. ಪ್ರಯೋಗಾಲಯದ ನಿರ್ದೇಶಕರಾಗಿದ್ದ ವಿಲ್ಲಿಸ್ ವಿಟ್ನಿ ಫಲಿತಾಂಶದ ಗಡುವನ್ನು ಕೇಳದೆ ಅನುಮತಿ ನೀಡಿದರು. ಮೊದಲ ಮೂರು ವರ್ಷ ಲ್ಯಾಂಗ್‌ಮ್ಯೂರ್ ತಮ್ಮ ಕುತೂಹಲ ಕರೆದತ್ತ ನಡೆದರು. ಬಜೆಟ್ ಪರಿಶೀಲಿಸುವ ಕೆಲಸವನ್ನೇ ಬಹುಕಾಲ ಮಾಡಿದ ನನ್ನಂಥವನಿಗೆ ವಿಟ್ನಿಯವರ ಆ ಸಹಿ ಲ್ಯಾಂಗ್‌ಮ್ಯೂರರ ಪ್ರತಿಭೆಯಷ್ಟೇ ಅಚ್ಚರಿ ತರಿಸುತ್ತದೆ.

ಈ ಪ್ರಯೋಗಗಳಲ್ಲಿ ಇಂಗಾಲದ ತಂತುವಿಗೆ ಸಂಬಂಧಿಸಿದವು ವಿಶೇಷ ಮಹತ್ವದವು. ಇದ್ದಿಲು ಉರಿದರೆ ಇಂಗಾಲದ ಡೈಆಕ್ಸೈಡ್ ಬರುತ್ತದೆಂದು ಶಾಲಾ ಬಾಲಕರಿಗೂ ಗೊತ್ತು. ಕೆಂಡದ ರಾಶಿಯ ಮೂಲಕ ಅದೇ ಡೈಆಕ್ಸೈಡ್ ಹಾದುಹೋದರೆ ಅದು ಇನ್ನೊಂದು ಇಂಗಾಲದ ಕಣವನ್ನು ಕಿತ್ತುಕೊಂಡು ಮೊನಾಕ್ಸೈಡ್ ಆಗುತ್ತದೆ. ಆ ಮೊನಾಕ್ಸೈಡೇ ಕಬ್ಬಿಣದ ಅದಿರನ್ನು ಕಬ್ಬಿಣವಾಗಿಸುವ ಅನಿಲ. 1923ರಲ್ಲಿ ಕಟ್ಟಿಗೆಯ ಇದ್ದಿಲನ್ನು ನೆಚ್ಚಿ ಆರಂಭವಾದ ನಮ್ಮ ಭದ್ರಾವತಿಯ ಊದುಕುಲುಮೆಯ ಹೊಟ್ಟೆಯಲ್ಲಿ ನಡೆದದ್ದೂ ಇದೇ ಕ್ರಿಯೆ. ಯಾವ ಉಷ್ಣತೆಯಲ್ಲಿ ಈ ಎರಡು ಅನಿಲಗಳು ಎಷ್ಟೆಷ್ಟು ಪ್ರಮಾಣದಲ್ಲಿ ಸಮತೋಲನಕ್ಕೆ ಬರುತ್ತವೆ ಎಂಬುದನ್ನು ಫ್ರೆಂಚ್ ರಸಾಯನಶಾಸ್ತ್ರಜ್ಞ ಬೂದುವಾರ್ ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೇ ತೋರಿಸಿದ್ದರು.

ಆದರೆ ಸಮತೋಲನವನ್ನು ತಿಳಿಯುವುದು ಒಂದು, ಅಲ್ಲಿಗೆ ತಲುಪುವ ವೇಗವನ್ನು ತಿಳಿಯುವುದು ಮತ್ತೊಂದು. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ವ್ಯತ್ಯಾಸ ಪರಿಚಿತ. ಬೇಡಿಕೆ ಪೂರೈಕೆಗಳ ಗೆರೆಗಳು ಎಲ್ಲಿ ಸಂಧಿಸುತ್ತವೆ ಎಂದು ಪುಸ್ತಕ ಹೇಳುತ್ತದೆ. ಮಾರುಕಟ್ಟೆ ಆ ಬಿಂದುವನ್ನು ಮುಟ್ಟಲು ಒಂದು ದಿನ ಬೇಕೇ ಹತ್ತು ವರ್ಷ ಬೇಕೇ ಎಂಬುದನ್ನು ಆ ಚಿತ್ರ ಹೇಳುವುದಿಲ್ಲ. ಅನಿಲ ಮತ್ತು ಘನ ಇಂಗಾಲದ ನಡುವಿನ ಕ್ರಿಯೆಯ ವೇಗ ಯಾವುದನ್ನು ಅವಲಂಬಿಸಿದೆ ಎಂಬ ಪ್ರಶ್ನೆಗೆ ಅಂದು ನೆಚ್ಚಬಹುದಾದ ಉತ್ತರವಿರಲಿಲ್ಲ. ಕುಲುಮೆಯ ರಾಶಿಯಲ್ಲಿ ಶಾಖ, ಗಾಳಿಯ ಚಲನೆ, ಬೂದಿ ಎಲ್ಲವೂ ಬೆರೆತು ಲೆಕ್ಕವನ್ನು ಕಲಸಿಬಿಡುತ್ತಿದ್ದವು.

ಲ್ಯಾಂಗ್‌ಮ್ಯೂರರ ಬಲ್ಬಿನಲ್ಲಿ ಇಂಥ ಗೊಂದಲವಿರಲಿಲ್ಲ. ಒಂದೇ ಒಂದು ಇಂಗಾಲದ ಎಳೆ, ವಿದ್ಯುತ್ತಿನಿಂದ ಬೇಕಾದಷ್ಟೇ ಕಾಯಿಸಬಹುದಾದದ್ದು. ಸುತ್ತಲೂ ಅತ್ಯಲ್ಪ ಒತ್ತಡದ ಅನಿಲ. ಕಣಗಳು ಒಂದಕ್ಕೊಂದು ಡಿಕ್ಕಿಯಾಗುವುದು ಅಪರೂಪ, ಆದ್ದರಿಂದ ನಡೆಯುವುದೆಲ್ಲ ಎಳೆಯ ಮೇಲ್ಮೈಯಲ್ಲೇ ನಡೆಯಬೇಕು. ಪ್ರತಿ ಕ್ಷಣ ಎಷ್ಟು ಕಣಗಳು ಎಳೆಗೆ ಬಡಿಯುತ್ತವೆ ಎಂಬುದನ್ನು ಅನಿಲಗಳ ಚಲನ ಸಿದ್ಧಾಂತದಿಂದ ಲೆಕ್ಕಹಾಕಬಹುದು. ಎಷ್ಟು ಅನಿಲ ಕಾಣೆಯಾಯಿತು ಎಂಬುದನ್ನು ಒತ್ತಡಮಾಪಕ ತೋರಿಸುತ್ತದೆ. ಈ ಎರಡನ್ನೂ ಹೋಲಿಸಿದರೆ, ಬಡಿದ ಕಣಗಳಲ್ಲಿ ಕ್ರಿಯೆಗೆ ಒಳಗಾದವು ಎಷ್ಟು ಎಂಬುದು ಗೊತ್ತಾಗುತ್ತದೆ.

1915ರಲ್ಲಿ ಪ್ರಕಟವಾದ ಫಲಿತಾಂಶ ಅನಿರೀಕ್ಷಿತವಾಗಿತ್ತು. ಕೆಂಪಗೆ ಕಾದ ಎಳೆಯ ಬಳಿಗೆ ಆಮ್ಲಜನಕವನ್ನು ಬಿಟ್ಟಾಗ ಒಂದಿಷ್ಟು ಡೈಆಕ್ಸೈಡ್ ಬಂತು, ಆದರೆ ಹೋದ ಆಮ್ಲಜನಕದ ಲೆಕ್ಕಕ್ಕೆ ಅದು ಸಾಲಲಿಲ್ಲ. ಉಳಿದದ್ದು ಎಲ್ಲಿ ಹೋಯಿತು? ಬಲ್ಬಿನ ಅನಿಲವನ್ನೆಲ್ಲ ಹೊರತೆಗೆದು ಎಳೆಯನ್ನು ಇನ್ನೂ ತೀವ್ರವಾಗಿ ಕಾಯಿಸಿದಾಗ ಅದು ಮೊನಾಕ್ಸೈಡಿನ ರೂಪದಲ್ಲಿ ಹೊರಬಿತ್ತು. ಅಂದರೆ ಆಮ್ಲಜನಕ ಇಂಗಾಲದ ಮೇಲ್ಮೈಗೆ ಬಿಗಿಯಾಗಿ ಅಂಟಿ ಕುಳಿತಿತ್ತು. ಡೈಆಕ್ಸೈಡನ್ನು ಬಿಟ್ಟಾಗಲೂ ಇದೇ ಬಗೆಯ ನಡವಳಿಕೆ ಕಂಡಿತು. ಅದರ ಕಣ ಒಂದು ಆಮ್ಲಜನಕ ಪರಮಾಣುವನ್ನು ಇಂಗಾಲದ ಮೇಲೆ ಬಿಟ್ಟು, ತಾನು ಮೊನಾಕ್ಸೈಡಾಗಿ ಹಾರಿಹೋಗುತ್ತಿತ್ತು. ಬ್ರಿಟನ್ನಿನಲ್ಲಿ ರೀಡ್ ಮತ್ತು ವೀಲರ್ ಎಂಬ ಸಂಶೋಧಕರು ಇಂಗಾಲ ಮತ್ತು ಆಮ್ಲಜನಕದ ಇಂಥದೊಂದು ನಡುವಣ ಕೂಟವಿರಬೇಕೆಂದು ಅದಕ್ಕೆ ಸ್ವಲ್ಪ ಮುಂಚೆಯೇ ಪ್ರತಿಪಾದಿಸಿದ್ದರು. ಲ್ಯಾಂಗ್‌ಮ್ಯೂರ್ ಅದಕ್ಕೆ ಸ್ಪಷ್ಟ ಚಿತ್ರ ಕೊಟ್ಟರು. ಅಂಟಿದ ಪರಮಾಣುಗಳು ಒಂದರ ಮೇಲೊಂದು ಪೇರಿಕೊಂಡಿರುವುದಿಲ್ಲ. ಅವು ಇಂಗಾಲದ ಹೊರಮೈಯ ಪರಮಾಣುಗಳಿಗೆ ನಿಜವಾದ ರಾಸಾಯನಿಕ ಬಂಧದಿಂದ ಜೋಡಿಸಿಕೊಂಡಿರುತ್ತವೆ. ಆ ಪದರದ ದಪ್ಪ ಒಂದೇ ಪರಮಾಣುವಿನಷ್ಟು.

ನಮ್ಮ ಕಚೇರಿಗಳ ಭಾಷೆಯಲ್ಲಿ ಹೇಳುವುದಾದರೆ, ಇಂಗಾಲದ ಮೇಲ್ಮೈ ಒಂದು ತಾಲ್ಲೂಕು ಕಚೇರಿಯಿದ್ದಂತೆ. ಅಲ್ಲಿರುವುದು ನಿಗದಿತ ಸಂಖ್ಯೆಯ ಕೌಂಟರುಗಳು. ಹೊರಗೆ ಜನ ಕಡಿಮೆಯಿದ್ದಾಗ ಬಂದವರಿಗೆಲ್ಲ ಕೂಡಲೇ ಕೆಲಸವಾಗುತ್ತದೆ, ಆಗ ಜನ ದುಪ್ಪಟ್ಟಾದರೆ ವಿಲೇವಾರಿಯೂ ದುಪ್ಪಟ್ಟಾಗುತ್ತದೆ. ಎಲ್ಲ ಕೌಂಟರುಗಳೂ ತುಂಬಿದ ಮೇಲೆ ಸಾಲು ಎಷ್ಟೇ ಬೆಳೆದರೂ ವಿಲೇವಾರಿಯ ವೇಗ ಹೆಚ್ಚುವುದಿಲ್ಲ. ಇನ್ನು ಕೆಲಸ ಮುಗಿದವರೇ ಮತ್ತೆ ಮತ್ತೆ ಬಂದು ಕೌಂಟರಿಗೆ ಅಡ್ಡ ನಿಂತರೆ ಹೊಸಬರ ಕೆಲಸ ನಿಧಾನವಾಗುತ್ತದೆ. ಅನಿಲದ ಒತ್ತಡಕ್ಕೂ ಮೇಲ್ಮೈ ತುಂಬುವುದಕ್ಕೂ ಇರುವ ಈ ಸಂಬಂಧವನ್ನು ಲ್ಯಾಂಗ್‌ಮ್ಯೂರ್ 1916ರಿಂದ 1918ರ ಅವಧಿಯಲ್ಲಿ ಒಂದು ಚಿಕ್ಕ ಸಮೀಕರಣವಾಗಿ ರೂಪಿಸಿದರು. ಇಂದಿಗೂ ರಸಾಯನಶಾಸ್ತ್ರದ ಪದವಿ ವಿದ್ಯಾರ್ಥಿಗಳು ಅದನ್ನು ಅವರ ಹೆಸರಿನಲ್ಲೇ ಕಲಿಯುತ್ತಾರೆ.

ಈ ಚಿಂತನೆಯನ್ನು ಆಕ್ಸ್‌ಫರ್ಡಿನ ಸಿರಿಲ್ ಹಿನ್ಶೆಲ್‌ವುಡ್ ಕ್ರಿಯೆಗಳ ವೇಗಕ್ಕೆ ವಿಸ್ತರಿಸಿದರು. 1940ರ ದಶಕದಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಕಾದ ಇಂಗಾಲದ ಮೇಲೆ ನೀರಾವಿ ಮತ್ತು ಡೈಆಕ್ಸೈಡ್ ಹರಿಸಿ ವೇಗವನ್ನು ಅಳೆದಾಗ ಕಂಡದ್ದು ಇದೇ ಕೌಂಟರಿನ ನ್ಯಾಯ. ಹುಟ್ಟಿದ ಮೊನಾಕ್ಸೈಡ್ ತಾನೇ ಕ್ರಿಯೆಗೆ ಅಡ್ಡಿಯಾಗುತ್ತದೆ. ಕಲ್ಲಿದ್ದಲನ್ನು ಅನಿಲವಾಗಿಸುವ ಸ್ಥಾವರಗಳ ವಿನ್ಯಾಸದಲ್ಲಿ ಇಂದಿಗೂ ಬಳಕೆಯಾಗುವ ವೇಗದ ಸೂತ್ರಗಳಿಗೆ ಈ ತಿಳಿವಳಿಕೆಯೇ ತಳಹದಿ. 2030ರೊಳಗೆ 10 ಕೋಟಿ ಟನ್ ಕಲ್ಲಿದ್ದಲನ್ನು ಅನಿಲೀಕರಿಸುವ ಗುರಿಯನ್ನು ಭಾರತ ಇಟ್ಟುಕೊಂಡಿದೆ. ಅದಕ್ಕಾಗಿ 2024ರ ಜನವರಿಯಲ್ಲಿ ಕೇಂದ್ರ ಸಂಪುಟ 8,500 ಕೋಟಿ ರೂಪಾಯಿಗಳ ಪ್ರೋತ್ಸಾಹ ಯೋಜನೆಗೆ ಒಪ್ಪಿಗೆ ನೀಡಿತು. ನಮ್ಮ ಕಲ್ಲಿದ್ದಲಿನಲ್ಲಿ ಬೂದಿ ಹೆಚ್ಚು. ಆದ್ದರಿಂದ ವಿದೇಶಿ ಸ್ಥಾವರದ ಅಂಕಿಗಳನ್ನು ಹಾಗೆಯೇ ಎತ್ತಿಕೊಳ್ಳಲಾಗದು, ನಮ್ಮ ಇಂಗಾಲದ ವೇಗವನ್ನು ನಾವೇ ಅಳೆದುಕೊಳ್ಳಬೇಕು. ಒಂದು ಬಲ್ಬಿನೊಳಗೆ ಶತಮಾನದ ಹಿಂದೆ ನಡೆದ ಅಳತೆ ಇಂದಿನ ಸಾವಿರಾರು ಕೋಟಿಗಳ ಹೂಡಿಕೆಯ ನಿರ್ಧಾರಕ್ಕೆ ಹೀಗೆ ಸಂಬಂಧಿಸುತ್ತದೆ.

ಅಂದ ಹಾಗೆ, ಬಲ್ಬಿನ ಸಮಸ್ಯೆ ಏನಾಯಿತು? ಬಲ್ಬು ಕಪ್ಪಾಗಲು ಉಳಿದ ಅನಿಲ ಮುಖ್ಯ ಕಾರಣವಲ್ಲ, ಕಾದ ಟಂಗ್‌ಸ್ಟನ್ ತಾನೇ ಆವಿಯಾಗಿ ಗಾಜಿಗೆ ಅಂಟುತ್ತದೆ ಎಂದು ಲ್ಯಾಂಗ್‌ಮ್ಯೂರ್ ಸಾಬೀತುಪಡಿಸಿದರು. ಹಾಗಾದರೆ ನಿರ್ವಾತಕ್ಕೆ ಬದಲು ಕ್ರಿಯಾಹೀನ ಅನಿಲವನ್ನು ತುಂಬಿದರೆ ಆವಿಯಾಗುವಿಕೆ ತಗ್ಗಬೇಕು. ಅನಿಲದಿಂದ ಶಾಖ ಸೋರಿಹೋಗದಂತೆ ತಂತುವನ್ನು ಸುರುಳಿಯಾಗಿ ಸುತ್ತಬೇಕು. 1913ರ ಹೊತ್ತಿಗೆ ಸಾರಜನಕ ತುಂಬಿದ, ಆಮೇಲೆ ಆರ್ಗಾನ್ ತುಂಬಿದ ಬಲ್ಬುಗಳು ಸಿದ್ಧವಾದವು. ದೊಡ್ಡ ಬಲ್ಬುಗಳಲ್ಲಿ ಒಂದು ಮೇಣದ ಬತ್ತಿಯ ಬೆಳಕಿಗೆ ಅರ್ಧ ವ್ಯಾಟ್ ಸಾಕಾಯಿತು. ಎಲ್‌ಇಡಿ ಬರುವವರೆಗೆ ನಮ್ಮ ನಿಮ್ಮ ಮನೆಗಳಲ್ಲಿ ಉರಿದ ಹಳದಿ ಬೆಳಕಿನ ಬಲ್ಬು ಬಹುಮಟ್ಟಿಗೆ ಇದೇ. ಗಡುವಿಲ್ಲದೆ ಕೊಟ್ಟ ಮೂರು ವರ್ಷಗಳ ವೆಚ್ಚವನ್ನು ಕಂಪನಿ ಎಷ್ಟೋ ಪಟ್ಟು ಹೆಚ್ಚಾಗಿ ವಸೂಲು ಮಾಡಿಕೊಂಡಿತು.

ಲ್ಯಾಂಗ್‌ಮ್ಯೂರರ ಆಸಕ್ತಿಗೆ ಮಿತಿಯಿರಲಿಲ್ಲ. ಜಲಜನಕದ ಅಣುಗಳು ಕಾದ ತಂತಿಯ ಮೇಲೆ ಒಡೆಯುವುದನ್ನು ಗಮನಿಸಿ ಹೊಸ ಬಗೆಯ ಬೆಸುಗೆಯ ಜ್ವಾಲೆಯನ್ನು ರೂಪಿಸಿದರು. ವಿದ್ಯುತ್ ಹರಿಯುವ ಅನಿಲಕ್ಕೆ 1928ರಲ್ಲಿ ಪ್ಲಾಸ್ಮಾ ಎಂಬ ಹೆಸರು ಕೊಟ್ಟವರು ಅವರೇ. 1927ರಲ್ಲಿ ಅಟ್ಲಾಂಟಿಕ್ ದಾಟುವಾಗ ಸಮುದ್ರಪಾಚಿ ಗಾಳಿಯ ದಿಕ್ಕಿನಲ್ಲಿ ಸಾಲುಸಾಲಾಗಿ ನಿಂತಿದ್ದನ್ನು ಕಂಡರು. ಮುಂದೆ ಲೇಕ್ ಜಾರ್ಜ್ ಸರೋವರದಲ್ಲಿ ಪ್ರಯೋಗ ನಡೆಸಿ, ನೀರಿನೊಳಗೆ ಸುರುಳಿಯಾಗಿ ಸುತ್ತುವ ಪ್ರವಾಹಗಳೇ ಅದಕ್ಕೆ ಕಾರಣವೆಂದು ತೋರಿಸಿದರು. ಅವರ ಸಹೋದ್ಯೋಗಿ ಕ್ಯಾಥರೀನ್ ಬ್ಲಾಜೆಟ್ ಕೇಂಬ್ರಿಜ್‌ನಿಂದ 1926ರಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದ ಮೊದಲ ಮಹಿಳೆ. ನೀರಿನ ಮೇಲೆ ತೇಲುವ ಒಂದೇ ಅಣುವಿನ ದಪ್ಪದ ಪದರವನ್ನು ಗಾಜಿನ ಮೇಲೆ ಪದರಪದರವಾಗಿ ಏರಿಸುವ ವಿಧಾನವನ್ನು ಇಬ್ಬರೂ ಬೆಳೆಸಿದರು. ಪ್ರತಿಫಲನವಿಲ್ಲದ ಗಾಜನ್ನು ಬ್ಲಾಜೆಟ್ 1938ರಲ್ಲಿ ತಯಾರಿಸಿದರು.

ಎಲ್ಲವೂ ಹೊಗಳಿಕೆಗೆ ಅರ್ಹವಾದದ್ದಲ್ಲ. ಪರಮಾಣುಗಳು ಎಲೆಕ್ಟ್ರಾನ್ ಜೋಡಿಯನ್ನು ಹಂಚಿಕೊಂಡು ಬಂಧವೇರ್ಪಡಿಸುತ್ತವೆ ಎಂಬ ಮಹತ್ವದ ವಿಚಾರವನ್ನು 1916ರಲ್ಲಿ ಮಂಡಿಸಿದವರು ಬರ್ಕ್ಲಿಯ ಗಿಲ್ಬರ್ಟ್ ಲೂಯಿಸ್. 1919ರಿಂದ ಲ್ಯಾಂಗ್‌ಮ್ಯೂರ್ ಅದನ್ನು ವಿಸ್ತರಿಸಿ ಊರೂರುಗಳಲ್ಲಿ ಉಪನ್ಯಾಸ ನೀಡಿದರು. ಸೊಗಸಾಗಿ ಮಾತನಾಡಬಲ್ಲ ಅವರ ಹೆಸರು ಸಿದ್ಧಾಂತಕ್ಕೆ ಅಂಟಿಕೊಂಡು, ಮಿತಭಾಷಿಯಾದ ಲೂಯಿಸ್ ಮರೆಗೆ ಸರಿದರು. ಲೂಯಿಸರಿಗೆ ಅದು ಆರದ ನೋವಾಯಿತು. 1932ರಲ್ಲಿ ಮೇಲ್ಮೈ ರಸಾಯನಶಾಸ್ತ್ರದ ಸಂಶೋಧನೆಗಳಿಗಾಗಿ ಲ್ಯಾಂಗ್‌ಮ್ಯೂರ್ ನೊಬೆಲ್ ಪ್ರಶಸ್ತಿ ಪಡೆದರು. ಹಲವು ಬಾರಿ ನಾಮನಿರ್ದೇಶನಗೊಂಡರೂ ಲೂಯಿಸರಿಗೆ ಅದು ದೊರೆಯಲೇ ಇಲ್ಲ. ಲ್ಯಾಂಗ್‌ಮ್ಯೂರ್ ಕದ್ದರು ಎನ್ನುವಂತಿಲ್ಲ, ಅವರು ಲೂಯಿಸರ ಋಣವನ್ನು ಬರಹದಲ್ಲಿ ಒಪ್ಪಿಕೊಂಡಿದ್ದರು. ಆದರೆ ವೇದಿಕೆಯ ಬೆಳಕನ್ನು ಅವರು ಎಂದೂ ಬೇಡವೆಂದವರಲ್ಲ.

ಈ ಸ್ವಭಾವವೇ ಅವರ ಬದುಕಿನ ಕೊನೆಯ ಅಧ್ಯಾಯವನ್ನು ಸಿಕ್ಕಿಗೆ ದೂಡಿತು. ಎರಡನೆಯ ಮಹಾಯುದ್ಧದಲ್ಲಿ ಅವರೂ ಸಹಾಯಕ ವಿನ್ಸೆಂಟ್ ಷೇಫರ್ ಅವರೂ ಸೇನೆಗಾಗಿ ಹೊಗೆಯ ತೆರೆಗಳನ್ನು ಸೃಷ್ಟಿಸುವ ಉಪಕರಣವನ್ನು ರೂಪಿಸಿದರು, ವಿಮಾನಗಳ ಮೇಲೆ ಹಿಮಗಟ್ಟುವ ಸಮಸ್ಯೆಯನ್ನು ಅಧ್ಯಯನ ಮಾಡಿದರು. ಅಲ್ಲಿಂದ ಅವರ ಗಮನ ಮೋಡಗಳತ್ತ ಹರಿಯಿತು. 1946ರ ಜುಲೈನಲ್ಲಿ ಷೇಫರ್ ಶೀತಲ ಪೆಟ್ಟಿಗೆಯೊಂದರಲ್ಲಿ ತಮ್ಮ ಉಸಿರಿನಿಂದಲೇ ಪುಟ್ಟ ಮೋಡವೊಂದನ್ನು ನಿರ್ಮಿಸಿ, ಅದಕ್ಕೆ ಡ್ರೈ ಐಸ್ ತುಣುಕನ್ನು ಹಾಕಿದಾಗ ಕ್ಷಣದಲ್ಲಿ ಹಿಮದ ಹರಳುಗಳು ಮಿನುಗಿದವು. ನವೆಂಬರ್ 13ರಂದು ವಿಮಾನದಿಂದ ನಿಜವಾದ ಮೋಡಕ್ಕೇ ಅದನ್ನು ಚೆಲ್ಲಿದರು. ಹಿಮ ಉದುರುವುದನ್ನು ಲ್ಯಾಂಗ್‌ಮ್ಯೂರ್ ನೆಲದಿಂದಲೇ ನೋಡಿ ಸಂಭ್ರಮಿಸಿದರು. ಮರುದಿನವೇ ಬರ್ನಾರ್ಡ್ ವಾನೆಗಟ್ ಎಂಬ ಮತ್ತೊಬ್ಬ ಸಹೋದ್ಯೋಗಿ ಸಿಲ್ವರ್ ಅಯೋಡೈಡ್ ಕೂಡ ಇದೇ ಕೆಲಸ ಮಾಡುತ್ತದೆಂದು ಕಂಡುಕೊಂಡರು. ಮೋಡ ಬಿತ್ತನೆ ಹುಟ್ಟಿದ್ದು ಹೀಗೆ.

ಬಲ್ಬಿನೊಳಗಿನ ಲ್ಯಾಂಗ್‌ಮ್ಯೂರ್ ಮತ್ತು ಬಯಲಿನ ಲ್ಯಾಂಗ್‌ಮ್ಯೂರ್ ಬೇರೆ ಬೇರೆ ವ್ಯಕ್ತಿಗಳೇನೋ ಎಂಬಂತೆ ಮುಂದಿನ ಘಟನೆಗಳು ನಡೆದವು. 1947ರ ಅಕ್ಟೋಬರ್ 13ರಂದು ಸೇನೆಯ ಸಹಯೋಗದ ಸಿರಸ್ ಯೋಜನೆಯಡಿ ಅಟ್ಲಾಂಟಿಕ್ ಸಾಗರದ ಚಂಡಮಾರುತವೊಂದಕ್ಕೆ ಡ್ರೈ ಐಸ್ ಚೆಲ್ಲಲಾಯಿತು. ದಡದಿಂದ ದೂರ ಸರಿಯುತ್ತಿದ್ದ ಮಾರುತ ಪಶ್ಚಿಮಕ್ಕೆ ತಿರುಗಿ ಜಾರ್ಜಿಯಾದ ಸವಾನಾ ಬಳಿ ಅಪ್ಪಳಿಸಿತು. ಕಂಪನಿಯ ವಕೀಲರು ಪರಿಹಾರದ ದಾವೆಗಳಿಗೆ ಹೆದರಿ ಗಾಬರಿಯಾದರು. ಲ್ಯಾಂಗ್‌ಮ್ಯೂರ್ ಮಾತ್ರ ಮಾರುತ ತಿರುಗಿದ್ದು ಬಿತ್ತನೆಯಿಂದಲೇ ಎಂದು ನಂಬಿದರು. ಬಿತ್ತನೆಗೆ ಮೊದಲೇ ಅದು ತಿರುಗಲಾರಂಭಿಸಿತ್ತು, 1906ರ ಚಂಡಮಾರುತವೊಂದು ಯಾರ ಹಸ್ತಕ್ಷೇಪವೂ ಇಲ್ಲದೆ ಇಂಥದೇ ದಾರಿ ಹಿಡಿದಿತ್ತು ಎಂಬ ಅಂಶಗಳು ಆಮೇಲಿನ ಪರಿಶೀಲನೆಯಲ್ಲಿ ಬೆಳಕಿಗೆ ಬಂದವು.

1949ರ ಕೊನೆಯಿಂದ ನ್ಯೂಮೆಕ್ಸಿಕೊದಲ್ಲಿ ವಾರವಾರವೂ ನಿಗದಿತ ದಿನಗಳಲ್ಲಿ ಸಿಲ್ವರ್ ಅಯೋಡೈಡ್ ಹೊಗೆಯನ್ನು ಬಿಡಲಾಯಿತು. ಅದರ ಫಲವಾಗಿ ಬಹುದೂರದ ಒಹಾಯೊ ಕಣಿವೆಯಲ್ಲೂ ಮಳೆ ಏಳು ದಿನಕ್ಕೊಮ್ಮೆ ಏರಿಳಿಯುತ್ತಿದೆ ಎಂದು ಲ್ಯಾಂಗ್‌ಮ್ಯೂರ್ ವಾದಿಸಿದರು. ಹವಾಮಾನ ಇಲಾಖೆಯ ತಜ್ಞರು ಒಪ್ಪಲಿಲ್ಲ. ಪ್ರಕೃತಿಯಲ್ಲಿ ಇಂಥ ಆವರ್ತನಗಳು ತಾವಾಗಿಯೇ ಕಾಣಿಸಿಕೊಳ್ಳಬಲ್ಲವು ಎಂಬುದು ಅವರ ಆಕ್ಷೇಪ. ಮೇಲ್ಮೈಯ ಮೇಲಿನ ಪ್ರತಿ ಪರಮಾಣುವಿಗೂ ಲೆಕ್ಕ ಕೇಳಿದ ವಿಜ್ಞಾನಿ, ಬಿತ್ತನೆಯಿಲ್ಲದಿದ್ದರೆ ಎಷ್ಟು ಮಳೆ ಬರುತ್ತಿತ್ತು ಎಂಬ ಪ್ರಶ್ನೆಯನ್ನು ಅಷ್ಟೇ ನಿಷ್ಠುರವಾಗಿ ತಮಗೆ ಹಾಕಿಕೊಳ್ಳಲಿಲ್ಲ.

ವಿಪರ್ಯಾಸವೆಂದರೆ, ಇದೇ ಕಾಲದಲ್ಲಿ, 1953ರ ಡಿಸೆಂಬರ್ 18ರಂದು, ವಿಜ್ಞಾನಿಗಳು ತಮ್ಮನ್ನು ತಾವೇ ವಂಚಿಸಿಕೊಳ್ಳುವ ಬಗೆಯನ್ನು ಕುರಿತು ಲ್ಯಾಂಗ್‌ಮ್ಯೂರ್ ಒಂದು ಉಪನ್ಯಾಸ ನೀಡಿದರು. ಇಲ್ಲದ ಎನ್ ಕಿರಣಗಳನ್ನು ಕಂಡ ಫ್ರೆಂಚ್ ವಿಜ್ಞಾನಿಯಿಂದ ಹಿಡಿದು ಅತೀಂದ್ರಿಯ ಗ್ರಹಣದ ಪ್ರಯೋಗಗಳವರೆಗೆ ಹಲವು ಉದಾಹರಣೆಗಳನ್ನು ಅವರು ಬಿಡಿಸಿಟ್ಟರು. ಅಳೆಯಲು ಕಷ್ಟವಾಗುವಷ್ಟು ಸೂಕ್ಷ್ಮ ಪರಿಣಾಮ, ಅದಕ್ಕೆ ತಗುಲಿಕೊಂಡ ದೊಡ್ಡ ಘೋಷಣೆ, ಪ್ರತಿ ಟೀಕೆಗೂ ಆ ಕ್ಷಣಕ್ಕೆ ಹೊಳೆದ ಸಮಜಾಯಿಷಿ: ಇವು ರೋಗದ ಲಕ್ಷಣಗಳೆಂದು ಅವರು ಪಟ್ಟಿ ಮಾಡಿದರು. ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಅವರದೇ ಮಳೆಯ ಲೆಕ್ಕಗಳನ್ನು ಓದಿದವರಿಗೆ ಮುಜುಗರವಾಗದಿರದು. ಹಾಗೆಂದು ಮೋಡ ಬಿತ್ತನೆ ಬರಿಯ ಭ್ರಮೆಯಲ್ಲ. ಹೆಪ್ಪುಗಟ್ಟದ ತಣ್ಣನೆಯ ನೀರಹನಿಗಳು ಡ್ರೈ ಐಸಿನಿಂದ ಹಿಮವಾಗುವುದು ದಿಟ. ಅನುಮಾನವಿದ್ದುದು ಅದರ ಪ್ರಮಾಣದ ಬಗ್ಗೆ, ಅದನ್ನು ಅಳೆಯುವ ರೀತಿಯ ಬಗ್ಗೆ.

ಇಲ್ಲಿಂದ ಕಥೆ ಮತ್ತೆ ನಮ್ಮ ನಾಡಿಗೆ ಬರುತ್ತದೆ. ತೀವ್ರ ಬರದ ಹಿನ್ನೆಲೆಯಲ್ಲಿ ಕರ್ನಾಟಕ ಸರ್ಕಾರ 2003ರಲ್ಲಿ ಮೋಡ ಬಿತ್ತನೆ ನಡೆಸಿತು. 2017ರಲ್ಲಿ ವರ್ಷಧಾರೆ ಎಂಬ ಹೆಸರಿನಲ್ಲಿ ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದಿಂದ ವಿಮಾನಗಳು ಮತ್ತೆ ಹಾರಿದವು. ಮೊದಲ ಬಾರಿ ನಾನು ಸೇವೆಯಲ್ಲಿದ್ದೆ. ಬಿತ್ತನೆಯ ನಂತರ ಮಳೆಮಾಪಕಗಳು ತೋರಿಸಿದ ಅಂಕಿಗಳನ್ನು ಸೇರಿಸಿ ಟಿಪ್ಪಣಿ ಸಿದ್ಧಪಡಿಸಿದವರಲ್ಲಿ ನಾನೂ ಒಬ್ಬ. ಮಳೆ ಬಂದಿತ್ತು, ಅದನ್ನು ಬರೆದೆ. ವಿಮಾನ ಹಾರದ ಪಕ್ಕದ ಹೋಬಳಿಗಳಲ್ಲಿ ಎಷ್ಟು ಬಂದಿತ್ತು ಎಂಬ ಕಾಲಮನ್ನು ಆ ಪಟ್ಟಿಗೆ ಸೇರಿಸಬೇಕೆಂದು ನನಗೆ ಹೊಳೆಯಲಿಲ್ಲ. ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವನಿಗೆ ಅದು ಹೊಳೆಯಬೇಕಿತ್ತು. ಆಕಾಶ ನೋಡುತ್ತ ಕುಳಿತ ರೈತನ ಮುಂದೆ ಆಡಳಿತ ಏನಾದರೂ ಮಾಡುತ್ತಿರುವಂತೆ ಕಾಣಬೇಕಾದ ಒತ್ತಡ ಎಂಥದೆಂದು ನನಗೆ ಗೊತ್ತು. ಆ ಒತ್ತಡದಲ್ಲಿ ಪ್ರಶ್ನೆ ಕೇಳುವವನು ರೈತವಿರೋಧಿಯಂತೆ ಕಾಣುತ್ತಾನೆ.

ಸರಿಯಾದ ದಾರಿ ಇಲ್ಲವೆಂದಲ್ಲ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2018 ಮತ್ತು 2019ರಲ್ಲಿ ಮಳೆನೆರಳಿನ ಸೊಲ್ಲಾಪುರದ ಸುತ್ತ ಪ್ರಯೋಗ ನಡೆಸಿದರು. ಬಿತ್ತಿದ ಮೋಡಗಳನ್ನು ಬಿತ್ತದ ಮೋಡಗಳೊಂದಿಗೆ ಹೋಲಿಸಿ, ಗಾಳಿಯ ದಿಕ್ಕಿನ ಸೀಮಿತ ಪ್ರದೇಶದಲ್ಲಿ ಮಳೆ ಸುಮಾರು ಶೇ 18ರಷ್ಟು ಹೆಚ್ಚಿತೆಂದು 2023ರಲ್ಲಿ ವರದಿ ಮಾಡಿದರು. ತಕ್ಕ ಮೋಡಗಳಿದ್ದಾಗ ಮಾತ್ರ ಸಿಗುವ ಮಿತವಾದ ಲಾಭವಿದು. ಮೋಡವೇ ಇಲ್ಲದ ಆಕಾಶದಿಂದ ಯಾವ ರಾಸಾಯನಿಕವೂ ಮಳೆಯನ್ನು ಇಳಿಸಲಾರದು. ಬಿತ್ತನೆಗೆ ಹಣ ಒದಗಿಸುವ ಪ್ರತಿ ಆದೇಶದಲ್ಲೂ ಅಳತೆಗೆ, ಹೋಲಿಕೆಗೆ ಒಂದು ಪಾಲನ್ನು ಮೀಸಲಿಟ್ಟರೆ ಮುಂದಿನ ಬರದಲ್ಲಿ ನಿರ್ಧಾರ ಕೈಗೊಳ್ಳುವವರಿಗೆ ಊಹೆಯ ಬದಲು ಲೆಕ್ಕ ಸಿಗುತ್ತದೆ. ಕಲ್ಲಿದ್ದಲಿನ ಅನಿಲೀಕರಣಕ್ಕೂ ಈ ಮಾತು ಅನ್ವಯಿಸುತ್ತದೆ. ಸ್ಥಾವರಕ್ಕೆ ಕೊಡುವ ಸಾವಿರ ರೂಪಾಯಿಗೆ ಪ್ರತಿಯಾಗಿ ನಮ್ಮ ಕಲ್ಲಿದ್ದಲಿನ ಸ್ವಭಾವವನ್ನು ಅಳೆಯುವವರಿಗೆ ಹತ್ತು ರೂಪಾಯಿಯಾದರೂ ಗಡುವಿನ ಕಾಟವಿಲ್ಲದೆ ಸಿಗಬೇಕು.

ಲ್ಯಾಂಗ್‌ಮ್ಯೂರ್ 1957ರ ಆಗಸ್ಟ್ 16ರಂದು ಮ್ಯಾಸಚೂಸೆಟ್ಸ್‌ನ ವುಡ್ಸ್ ಹೋಲ್‌ನಲ್ಲಿ ಹೃದಯಾಘಾತದಿಂದ ನಿಧನರಾದರು. 1912ರಲ್ಲಿ ಕೈಹಿಡಿದ ಪತ್ನಿ ಮೇರಿಯನ್ ಮತ್ತು ದತ್ತು ಪಡೆದ ಇಬ್ಬರು ಮಕ್ಕಳು ಅವರನ್ನು ಅಗಲಿದರು. ಮೋಡಗಳನ್ನೂ ಮಿಂಚನ್ನೂ ಅಧ್ಯಯನ ಮಾಡಲು 1963ರಲ್ಲಿ ನ್ಯೂಮೆಕ್ಸಿಕೊದ ಬೆಟ್ಟವೊಂದರ ಮೇಲೆ ಸ್ಥಾಪನೆಯಾದ ಪ್ರಯೋಗಾಲಯಕ್ಕೆ ಅವರ ಹೆಸರನ್ನಿಡಲಾಯಿತು. ಅಮೆರಿಕದ ರಸಾಯನಶಾಸ್ತ್ರ ಸಂಘ 1985ರಲ್ಲಿ ಆರಂಭಿಸಿದ, ಮೇಲ್ಮೈಗಳ ಅಧ್ಯಯನಕ್ಕೆ ಮೀಸಲಾದ ನಿಯತಕಾಲಿಕದ ಹೆಸರೂ ಅವರದೇ. ಅವರು ಗೆದ್ದ ಕ್ಷೇತ್ರವೂ ಎಡವಿದ ಕ್ಷೇತ್ರವೂ ಹೀಗೆ ಅವರನ್ನು ಸಮಾನ ಗೌರವದಿಂದ ನೆನೆಯುತ್ತಿವೆ.

ಇಂಗಾಲದ ಎಳೆಯ ಮುಂದೆ ಕುಳಿತಾಗ ಲ್ಯಾಂಗ್‌ಮ್ಯೂರ್ ಕಾಣೆಯಾದ ಆಮ್ಲಜನಕದ ಲೆಕ್ಕ ಸಿಗುವವರೆಗೆ ಎದ್ದು ಹೋಗಲಿಲ್ಲ. ಆಕಾಶದ ಮುಂದೆ ನಿಂತಾಗ ಅವರಿಗೆ ಆ ತಾಳ್ಮೆ ಉಳಿಯಲಿಲ್ಲ. ಇಂಥ ಮೇಧಾವಿಗೇ ಹೀಗಾದರೆ, ಬರದ ವರ್ಷದ ಅವಸರದಲ್ಲಿ ಕಡತಕ್ಕೆ ಸಹಿ ಹಾಕುವ ನಮ್ಮಂಥವರು ಎಷ್ಟು ಎಚ್ಚರದಿಂದಿರಬೇಕು ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮುಂದಿನ ಬಾರಿ ನಮ್ಮ ನೆತ್ತಿಯ ಮೇಲೆ ಬಿತ್ತನೆಯ ವಿಮಾನ ಹಾರಿದಾಗ, ಪಕ್ಕದ ಹೋಬಳಿಯ ಮಳೆಮಾಪಕವನ್ನೂ ಯಾರಾದರೂ ಓದಿ ಬರೆದಿಟ್ಟುಕೊಳ್ಳಲಿ.